ಹಾಡಿನ ಕೊನೆಯ ಹೆಸರು

ಇದನ್ನು ಹೇಳದೆ ವರ್ಷಗಟ್ಟಲೆ ಮುಂದಕ್ಕೆ ಹಾಕುತ್ತ ಬಂದೆ. ಮೊನ್ನೆ ಕುಪ್ಪಗಡ್ಡೆಯ ಮದುವೆಯಲ್ಲಿ ಹೆಂಗಸರು ಸೋಬಾನೆ ಹಾಡಿ, ಕೊನೆಯ ಸಾಲಿನಲ್ಲಿ ಪದ ಕಟ್ಟಿದವನೆಂದು ನನ್ನ ಹೆಸರು ಹೇಳಿದರು. ಹಾಡಿದವಳೊಬ್ಬಳು ಬಂದು ಕಾಲಿಗೆ ಬಿದ್ದಳು.

"ಅಂಜನಾಪುರದ ನಮ್ಮಜ್ಜಿ ಸಾಯೋತನಕ ಇದಕ್ಕೆ ತನ್ನ ಹೆಸರು ಸೇರಿಸಿ ಹಾಡೋಳು ಕಣಜ್ಜ. 'ಅವರ ಪದಕ್ಕೆ ನಿನ್ನ ಹೆಸರೇನೇ ಮುದುಕಿ' ಅಂತ ನಾವೆಲ್ಲ ನಗಾಡ್ತಿದ್ವಿ."

"ಚೆನ್ನಾಗಿರವ್ವ" ಎಂದೆನೇ ಹೊರತು ನಿಜ ಹೇಳಲಿಲ್ಲ.

ಶಿಕಾರಿಪುರ, ಸೊರಬದ ನಾಟಿಗದ್ದೆಗಳಲ್ಲೆಲ್ಲ ಒಂದು ಕಾಲಕ್ಕೆ ಆ ಅಜ್ಜಿ ಕಟ್ಟಿದ ಪದಗಳೇ ಇದ್ದವು. ಭಜನೆ ಮೇಳದ ಮೈಕಿನಲ್ಲಿ ಹಾಡುವಾಗ ಆಕೆಯ ಹೆಸರು ತೆಗೆದು ನನ್ನದು ಹಾಕಿದವನು ನಾನು. ಆಮೇಲೆ ಅದು ಕ್ಯಾಸೆಟ್ಟಿನಲ್ಲೂ ಬಂತು. ಆಕೆ ಬದುಕಿದ್ದಾಗ ತಪ್ಪಾಯ್ತು ಅನ್ನಲಿಲ್ಲ. ಹಾಡುವವರು ಇನ್ನಾದರೂ ಕೊನೆಯಲ್ಲಿ ಅವಳ ಹೆಸರನ್ನೇ ಹೇಳಿ: ಅಂಜನಾಪುರದ ಗುತ್ಯಮ್ಮ.