ಸೋಣ ತಿಂಗಳ ಗೌರಿ ಹೂ

ಗಂಡ ತೀರಿಕೊಂಡ ವರ್ಷವೂ ನಾನು ಗೌರಿ ಹೂವಿನ ಬೀಜ ಹಾಕಿದೆ. ಹಾಕಬೇಕು ಎಂದು ಯೋಚಿಸಿ ಹಾಕಿದ್ದಲ್ಲ. ಮೊದಲ ಮಳೆ ಬಿದ್ದ ಮರುದಿನ ಕೈ ತಾನಾಗಿ ಬೂದಿಯ ಡಬ್ಬಿಗೆ ಹೋಯಿತು. ಹುಳ ಹಿಡಿಯದಿರಲಿ ಎಂದು ಬೀಜವನ್ನು ಬಚ್ಚಲೊಲೆಯ ಬೂದಿಯಲ್ಲಿ ಬೆರೆಸಿಡುವುದು ನಮ್ಮ ಕಡೆಯ ಕ್ರಮ. ಅವರು ಹೋಗಿ ಆಗ ಎರಡು ತಿಂಗಳೂ ಆಗಿರಲಿಲ್ಲ. ಪೇಂಟಿನ ಹಳೆಯ ಎಂಟು ಬಕೆಟ್ಟುಗಳಿಗೆ ಮಣ್ಣು, ಸೆಗಣಿ ಹುಡಿ ತುಂಬಿಸುತ್ತಾ ಅಂಗಳದಲ್ಲಿ ಕುಳಿತವಳನ್ನು ಕಂಡು ದಾರಿಯಲ್ಲಿ ಹೋಗುವವರು ಏನಂದುಕೊಂಡರೋ ಗೊತ್ತಿಲ್ಲ.

ನೆಕ್ರಾಜೆಯ ನಮ್ಮ ಓಣಿಯಲ್ಲಿ ಆರು ಮನೆ. ಕೊನೆಯದು ನನ್ನದು. ನಾನು ಸರಕಾರಿ ಶಾಲೆಯಲ್ಲಿ ಕನ್ನಡ ವಿಭಾಗದ ಮಕ್ಕಳಿಗೆ ಗಣಿತ ಕಲಿಸುತ್ತೇನೆ, ಹಾಗಾಗಿ ಓಣಿಗೆಲ್ಲ ನಾನು ಟೀಚರ್. ನಮಗೆ ಮಕ್ಕಳಾಗಲಿಲ್ಲ. ಇದ್ದದ್ದು ಗಿಡ. ಮನೆಮುಂದಿನ ಸಿಟೌಟಿನ ನೆರಳಿಗೆ ಆಂಥೂರಿಯಂ, ಬೇಸಗೆಗೆ ಬಾವಿಕಟ್ಟೆಯ ಬದಿಯಲ್ಲಿ ಅಬ್ಬಲಿಗೆ, ಮಳೆಗಾಲಕ್ಕೆ ಗೌರಿ ಹೂ. ಇದರ ದಂಟಿನಲ್ಲಿ ಬರೀ ನೀರು. ಆಟಿ ತಿಂಗಳ ಜಡಿಮಳೆಗೆ ಮಗುಚಿ ಬೀಳದಂತೆ ಒಂದೊಂದಕ್ಕೂ ಕೋಲು ಕಟ್ಟಬೇಕು. ಬೆಳಗಾದ ಕೂಡಲೇ ಆಫ್ರಿಕನ್ ಬಸವನಹುಳುಗಳನ್ನು ಹೆಕ್ಕಿ ಉಪ್ಪುನೀರಿಗೆ ಹಾಕಬೇಕು. ಅದೊಂದು ಅಸಹ್ಯದ ಕೆಲಸ, ಆದರೂ ಮಾಡುತ್ತಿದ್ದೆ.

ಇಷ್ಟೆಲ್ಲ ಪಾಡು ಆಟಿ ಕಳೆದು ಬರುವ ಸೋಣ ತಿಂಗಳಿಗೋಸ್ಕರ. ಸಂಕ್ರಮಣದಿಂದ ಹಿಡಿದು ತಿಂಗಳಿಡೀ ಮುತ್ತೈದೆಯರು ಬೆಳಿಗ್ಗೆ ಹೊಸ್ತಿಲು ತೊಳೆದು, ಶೇಡಿಮಣ್ಣಿನಲ್ಲಿ ಬಿಳಿ ಗೆರೆ ಎಳೆದು, ಹೂವಿಟ್ಟು ಪೂಜೆ ಮಾಡುತ್ತಾರೆ. ಓಣಿಯ ಹೊಸ್ತಿಲುಗಳಿಗೆಲ್ಲ ಹೂ ಹೋಗುತ್ತಿದ್ದದ್ದು ನನ್ನ ಅಂಗಳದಿಂದ. ಆರೂವರೆಗೆ ಗೇಟು ಕಿರುಗುಟ್ಟುತ್ತಿತ್ತು. “ಟೀಚರ್, ನಾಲ್ಕು ಹೂ ಕೊಯ್ತೇನೆ” ಎಂದವರು ಬಟ್ಟಲು ತುಂಬ ಕೊಯ್ಯುತ್ತಿದ್ದರು. ಮೊಗ್ಗಿಗೆ ಕೈ ಹಾಕಿದರೆ ನಾನು ಅಡುಗೆಮನೆಯ ಕಿಟಕಿಯಿಂದಲೇ ಗದರುತ್ತಿದ್ದೆ. ಕೊಯ್ಯುವವರು ನಗುತ್ತಿದ್ದರು.

ಆ ವರ್ಷ ಸಂಕ್ರಮಣದ ಬೆಳಿಗ್ಗೆ ಗೇಟು ಕಿರುಗುಟ್ಟಲಿಲ್ಲ. ಮಳೆ ಜೋರಿರಬೇಕು ಎಂದುಕೊಂಡೆ. ಮರುದಿನ ಮಳೆಯೂ ಇರಲಿಲ್ಲ, ಜನವೂ ಬರಲಿಲ್ಲ. ಮೂರನೆಯ ದಿನ ಶಾಲೆಗೆ ಹೊರಟಾಗ ನೆರೆಮನೆಯ ಹೊಸ್ತಿಲು ಕಣ್ಣಿಗೆ ಬಿತ್ತು. ಅಲ್ಲಿ ಪೇಟೆಯ ಚೆಂಡು ಹೂ ಇತ್ತು. ನನಗೆ ಅರ್ಥವಾಯಿತು, ಅಥವಾ ಅರ್ಥವಾಯಿತೆಂದು ನಾನು ಅಂದುಕೊಂಡೆ. ಗಂಡ ಸತ್ತವಳ ಅಂಗಳದ ಹೂ ಇವರ ಹೊಸ್ತಿಲಿಗೆ ಆಗುವುದಿಲ್ಲ. ಇಷ್ಟು ವರ್ಷ ಬಟ್ಟಲು ತುಂಬಿಸಿಕೊಂಡು ಹೋದವರಿಗೆ ಈಗ ನನ್ನ ಗಾಳಿಯೂ ಬೇಡ. ಬಸ್ಸಿನಲ್ಲಿ ಹಲ್ಲು ಕಚ್ಚಿಕೊಂಡು ಕುಳಿತೆ.

ಸಂಜೆ ಬಂದವಳೇ ಎಂಟೂ ಬಕೆಟ್ಟುಗಳನ್ನು ಒಳಗೆ ಎಳೆದು ತಂದೆ. ಯಾರಿಗೂ ಬೇಡದ ಹೂ ಯಾರ ಕಣ್ಣಿಗೂ ಬೀಳುವುದು ಬೇಡ. ಹಾಲಿನ ಕಿಟಕಿಯ ಕೆಳಗೆ ಸಾಲಾಗಿ ಇಟ್ಟೆ. ಗೌರಿ ಹೂ ಮನೆಯೊಳಗೆ ಬಾಳುವ ಗಿಡ ಅಲ್ಲ. ಬೆಳಕು ಹುಡುಕಿಕೊಂಡು ಕಿಟಕಿಯ ಕಡೆಗೆ ವಾಲಿ ಉದ್ದಕ್ಕೆ ಬೆಳೆಯಿತು, ಹೂ ತೆಳ್ಳಗಾಯಿತು. ಆದರೂ ಅದರ ಎದುರಿಗೆ ಕುಳಿತು ಊಟ ಮಾಡುವುದು ನನಗೆ ರೂಢಿಯಾಯಿತು. ಆ ಓಣಿಯಲ್ಲಿ ನನಗೆ ಬೇರೆ ಯಾರೂ ಇರಲಿಲ್ಲ. ಕೆಲವು ದಿನ ಶಾಲೆಯ ಗೇಟು ದಾಟಿದ ಮೇಲೆ ಮರುದಿನ ಹಾಜರಿ ಕರೆಯುವವರೆಗೆ ನಾನು ಬಾಯಿ ಬಿಡುತ್ತಲೇ ಇರಲಿಲ್ಲ. ಕಾಯಿ ಬಲಿತು ಒಡೆದು ಬೀಜ ಟೈಲ್ಸಿನ ಮೇಲೆ ಸಿಡಿಯುವಾಗ ಟಪ್ಪೆಂದು ಸಣ್ಣ ಸದ್ದಾಗುತ್ತದೆ. ಆ ಸದ್ದಿಗೆ ನಾನು ತಿರುಗಿ ನೋಡುತ್ತಿದ್ದೆ. ಬೆಳಿಗ್ಗೆ ಗುಡಿಸಿ ಮೆಟ್ಟಿಲಿನಿಂದ ಹೊರಗೆ ತಳ್ಳುತ್ತಿದ್ದೆ.

ಈ ವರ್ಷ ನಾನು ಬೀಜ ಹಾಕಲಿಲ್ಲ. ಬೂದಿ ಡಬ್ಬಿ ಮುಟ್ಟಲೇ ಇಲ್ಲ. ಆದರೆ ಕಸದ ಜೊತೆ ಹೊರಬಿದ್ದ ಬೀಜಗಳು ಮಳೆ ಬಿದ್ದ ವಾರದಲ್ಲೇ ಮೆಟ್ಟಿಲಿನ ಬುಡದಲ್ಲಿ ಒತ್ತಾಗಿ ಮೊಳೆತವು. ಕಿತ್ತೆಸೆಯಲು ಮನಸ್ಸು ಬರಲಿಲ್ಲ. ಬೈದುಕೊಂಡೇ ಬಿಡಿಸಿ ಅಂಗಳದ ಉದ್ದಕ್ಕೆ ನೆಡುತ್ತಿದ್ದಾಗ ನೆರೆಮನೆಯವಳು ಗೇಟಿನ ಬಳಿ ನಿಂತಳು. ಗಂಡ ಗಲ್ಫಿನಲ್ಲಿದ್ದಾನೆ, ನನಗಿಂತ ಹದಿನೈದು ವರ್ಷ ಸಣ್ಣವಳು.

“ಟೀಚರ್, ನನಗೆ ನಾಲ್ಕು ಸಸಿ ಕೊಡ್ತೀರಾ? ಕಳೆದ ಸೋಣಕ್ಕೆ ತಿಂಗಳಿಡೀ ಪೇಟೆಯ ಹೂವೇ ತಂದದ್ದು. ಈ ಸಲ ನಾನೇ ನೆಡುವ ಅಂತ.”

“ಯಾಕೆ, ನನ್ನ ಅಂಗಳದ್ದು ನಿಮ್ಮ ಹೊಸ್ತಿಲಿಗೆ ಆಗುದಿಲ್ವಾ?” ಒಂದು ವರ್ಷದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು, ಸರ್ರನೆ ಹೊರಬಿತ್ತು.

ಅವಳ ಮುಖ ಸಣ್ಣದಾಯಿತು. “ಎಂತ ಟೀಚರ್ ಹೀಗೆ ಹೇಳುದು? ಹೊಸ್ತಿಲ ಪೂಜೆಗೆ ಅಂತ ನಿಮ್ಮತ್ರ ಬಂದು ಹೂ ಕೇಳ್ಲಿಕ್ಕೆ ನಮಗೆ ಬಾಯಿ ಬರ್ಲಿಲ್ಲ. ನಿಮಗೆ ಬೇಜಾರಾಗ್ತದೆ, ಈ ಸಲ ಯಾರೂ ಹೋಗುದು ಬೇಡ ಅಂತ ಎಲ್ಲರೂ ಮಾತಾಡಿಕೊಂಡದ್ದು.”

“ಎಲ್ಲರೂ ಸೇರಿ ಮಾತಾಡಿಕೊಂಡಿರಾ? ನನ್ನತ್ರ ಒಬ್ಬಳಾದ್ರೂ ಕೇಳ್ಬಹುದಿತ್ತಲ್ಲ, ಮಾರಾಯ್ತಿ.”

ಅವಳು ತಲೆ ತಗ್ಗಿಸಿದಳು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ನನ್ನನ್ನು ನೋಯಿಸಬಾರದೆಂದು ಐದು ಮನೆಯವರು ನನ್ನನ್ನು ವರ್ಷವಿಡೀ ಒಂಟಿ ಮಾಡಿದ್ದರು. ನಾನೂ ಕಮ್ಮಿಯವಳಲ್ಲ, ಎರಡು ಹೆಜ್ಜೆ ನಡೆದು ಕೇಳುವ ಬದಲು ಗಿಡಗಳನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ್ದೆ.

“ಸಸಿ ಕೊಡುದಿಲ್ಲ,” ಎಂದೆ. “ಹೂ ಬೇಕಾದ್ರೆ ಬಂದು ಕೊಯ್ಯಿ.”

ಸಂಕ್ರಮಣದ ಬೆಳಿಗ್ಗೆ ಐದು ಮನೆಯವರೂ ಬಂದರು. ಒಬ್ಬಳು ಮೊಗ್ಗು ಕಿತ್ತದ್ದು ಕಂಡರೂ ನಾನು ಗದರಲಿಲ್ಲ. ಎಲ್ಲರೂ ಹೋದ ಮೇಲೆ ನೆರೆಮನೆಯವಳು ಬಟ್ಟಲು ಹಿಡಿದು ಮೆಟ್ಟಿಲ ಬಳಿ ನಿಂತಳು. ನನ್ನ ಹೊಸ್ತಿಲನ್ನೇ ನೋಡುತ್ತಿದ್ದಳು.

“ನೀವು ಇಡುದಿಲ್ವಾ ಟೀಚರ್?”

“ನನಗೆಂತಕ್ಕೆ ಅದು?”

“ಬೇಡ ಅಂತ ಯಾರಾದ್ರೂ ಹೇಳಿದ್ರಾ?”

ಯಾರೂ ಹೇಳಿರಲಿಲ್ಲ. ಹಾಗೆ ಹೇಳಲು ಮನೆಯಲ್ಲಿ ಹಿರಿಯರೂ ಇರಲಿಲ್ಲ. ವರ್ಷಾಂತಿಕ ಕಳೆದು ತಿಂಗಳುಗಳಾಗಿದ್ದವು. ಕ್ರಮ ಎಂದು ನಾನೇ ನಿಲ್ಲಿಸಿದ್ದೆ. ಅವಳು ಬಟ್ಟಲಿನಿಂದ ಎರಡು ಕೆಂಪು ಹೂ ತೆಗೆದು ಸಿಟೌಟಿನ ದಂಡೆಯ ಮೇಲಿಟ್ಟು ಹೋದಳು.

ಬಸ್ಸಿಗೆ ಹತ್ತು ನಿಮಿಷವಿತ್ತು. ಹೊಸ್ತಿಲಿಗೆ ಒಂದು ಚೆಂಬು ನೀರು ಹಾಕಿ ಒರೆಸಿದೆ. ಶೇಡಿ ಇಲ್ಲ, ದೀಪ ಇಲ್ಲ, ಮಂತ್ರ ಮೊದಲೇ ಬಾರದು. ಎಡಕ್ಕೊಂದು, ಬಲಕ್ಕೊಂದು ಹೂವಿಟ್ಟು, ಬಾಗಿಲಿಗೆ ಬೀಗ ಹಾಕಿ ಓಡಿದೆ. ಆ ದಿನ ಶಾಲೆಯಲ್ಲಿ ಯಾಕೋ ಉತ್ಸಾಹವಿತ್ತು. ಮಕ್ಕಳಿಗೆ ಒಂದು ಪಾಠ ಹೆಚ್ಚೇ ಮಾಡಿದೆ.

ಅವರಿದ್ದಾಗ ಸೋಣ ತಿಂಗಳಿಡೀ ನಮಗೆ ಒಂದೇ ಜಗಳ. ಅವರು ಹೊಸ್ತಿಲು ನೋಡಿ ದಾಟಿದವರಲ್ಲ. ನಾನು ಶಾಲೆಯಿಂದ ಬರುವಷ್ಟರಲ್ಲಿ ಹೂ ಒಂದು ಮೂಲೆಗೆ, ದಳ ಇನ್ನೊಂದು ಮೂಲೆಗೆ, ಬಿಳಿ ಗೆರೆಯ ಮೇಲೆ ಒದ್ದೆ ಕಾಲಿನ ಗುರುತು. ಕಣ್ಣು ಕಾಣುವುದಿಲ್ಲವಾ ಎಂದು ನಾನು ಬೈಯುವುದು, ನಡೆಯುವ ದಾರಿಯಲ್ಲಿ ಹೂವಿಟ್ಟರೆ ಮನುಷ್ಯ ಹಾರಿಕೊಂಡು ಬರಬೇಕಾ ಎಂದು ಅವರು ಕೇಳುವುದು. ಆ ದಿನ ಸಂಜೆ ಬಂದು, ಬೀಗದ ಕೈ ಹಿಡಿದುಕೊಂಡು, ಬಗ್ಗಿ ನೋಡಿದೆ. ಎರಡೂ ಹೂ ಸ್ವಲ್ಪ ಬಾಡಿದ್ದವು. ಆದರೆ ಇಟ್ಟಲ್ಲೇ ಇದ್ದವು. ಒಂದು ದಳ ಕೂಡ ಆಚೀಚೆ ಆಗಿರಲಿಲ್ಲ.