ರೆಕ್ಕೆ ತಟ್ಟಿ ನೋಡಿದ ಮೇಸ್ತ್ರಿ ಮಾವ

ಮೊನ್ನೆ ಬೆಳಿಗ್ಗೆ ಹೊರಗೆ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಒಳಗೆ ಒಲೆಯ ಮೇಲೆ ಹಾಲು ಒಡೆದಿತ್ತು. ಎರಡು ವಾಸನೆಯೂ ನಡುಮನೆಯಲ್ಲಿ ಬೆರೆತಾಗ ನಾನು ಓದುತ್ತಿದ್ದ ಪೇಪರನ್ನು ಕೆಳಗಿಟ್ಟೆ. ಸೊಸೆ ಒಂದು ಸೇರು ಹಾಲು ಹಾಳಾಯಿತೆಂದು ಗೊಣಗುತ್ತಿದ್ದಳು. ನನಗೆ ಮಾತ್ರ ಮಾಲೂರಿನ ಮೇಸ್ತ್ರಿ ಮಾವ ಎದುರಿಗೆ ಬಂದು ಕೂತ ಹಾಗಾಯಿತು...

ಮಾವ ಎಂದರೆ ರಕ್ತಸಂಬಂಧವೇನಲ್ಲ. ಪಕ್ಕದ ಮನೆಯ ಬಡಗಿ ಮೇಸ್ತ್ರಿ. ಮನೆಗಳಿಗೆ ತೊಲೆ ಕೂಡಿಸಿ ಹೆಂಚು ಹೊದಿಸುವುದು ಅವರ ಕಸುಬು. ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಬೆಂಗಳೂರು ದಂಡಿನ ಆಚೆ ಒಂದು ಶೆಡ್ಡಿನಲ್ಲಿ ಹೊಸ ಯುದ್ಧವಿಮಾನ ಮಾಡುತ್ತಿದ್ದಾರೆ, ಲೋಹ ಸಿಗದೆ ರೆಕ್ಕೆಯನ್ನು ಮರದಲ್ಲೇ ಮಾಡಬೇಕಾಗಿದೆ, ಒಳ್ಳೆಯ ಬಡಗಿಗಳು ಬೇಕು ಎಂದು ಸುದ್ದಿ ಬಂತು. ಮಾವ ಉಳಿ, ಬಾಚಿ ಕಟ್ಟಿಕೊಂಡು ಹೊರಟರು. ಅದೇ ಶೆಡ್ಡಿನಲ್ಲಿ ನಾನು ಗುಮಾಸ್ತ. ದಿನಾ ಮಾಲೂರಿನಿಂದ ಒಂದೇ ರೈಲು, ಒಂದೇ ಬೆಂಚು. ಅವರ ಬುತ್ತಿಯ ಮುದ್ದೆಯಲ್ಲಿ ನನಗೂ ಪಾಲಿತ್ತು.

ಆ ವಿಮಾನದ ಕಥೆ ಏನು ಹೇಳಲಿ! ಆರು ತಿಂಗಳಲ್ಲಿ ಹಾರುತ್ತದೆ ಎಂದು ಶುರುವಾದದ್ದು ಎರಡು ವರ್ಷವಾದರೂ ನೆಲ ಬಿಟ್ಟಿರಲಿಲ್ಲ. ಇಂಜಿನ್ನು ಹಡಗಿನಲ್ಲಿ ಬರಬೇಕು, ಹಡಗು ಬರುವಷ್ಟರಲ್ಲಿ ನಕ್ಷೆ ಬದಲಾಗಿರುತ್ತಿತ್ತು. ಮೂಗು ಉದ್ದ ಮಾಡಿದರೆ ಬಾಲ ಸಾಲದು, ಬಾಲ ಬೆಳೆಸಿದರೆ ರೆಕ್ಕೆ ಸಾಲದು. ಖರ್ಚೊಂದೇ ತಡವಿಲ್ಲದೆ ಮೇಲೇರುತ್ತಿತ್ತು. ಮರಕ್ಕೆ ಮರ ಕಚ್ಚಿಸುವ ಅಂಟನ್ನು ಒಡೆದ ಹಾಲಿನ ಪುಡಿಗೆ ಸುಣ್ಣ ಬೆರೆಸಿ ಮಾಡುತ್ತಿದ್ದರು. ಆ ಹುಳಿನಾತ ಬಟ್ಟೆಗೆ ಹತ್ತಿಕೊಂಡು ನಮ್ಮ ಜೊತೆಗೇ ಮನೆಗೆ ಬರುತ್ತಿತ್ತು. "ಊರಾಗೆ ಕೂಸುಗಳಿಗೆ ಹಾಲಿಲ್ಲ, ಇವ್ರು ರೆಕ್ಕೆಗೆ ಹಾಲು ಕುಡಿಸ್ತಾರಂತೆ" ಎಂದು ನಮ್ಮಮ್ಮ ಬೈಯುತ್ತಿದ್ದಳು.

ಕೊನೆಗೊಮ್ಮೆ ಮೇಲಿನಿಂದ ಖಡಾಖಂಡಿತವಾಗಿ ಅಪ್ಪಣೆ ಬಂತು. ತಿಂಗಳ ಕೊನೆಗೆ ವಿಮಾನ ಹಾರಲೇಬೇಕು. ಶೆಡ್ಡಿನಲ್ಲಿ ಎಲ್ಲರೂ ಕಾಲಿಗೆ ಚಕ್ರ ಕಟ್ಟಿಕೊಂಡವರಂತೆ ದುಡಿದರು. ಹಾರಿಸಲು ಒಬ್ಬ ಪೈಲಟ್ ಬಂದಿಳಿದರು. ಆಗತಾನೆ ಮದುವೆಯಾಗಿದ್ದವರು, ನಗುಮುಖದವರು. ರೆಕ್ಕೆಯೂ ತಯಾರಾಯಿತು.

ಮಾಲೂರಿನ ಕಡೆ ತಟ್ಟಿ ನೋಡದೆ ಯಾರೂ ಹೆಂಚು ಹೊದಿಸುವುದಿಲ್ಲ. ಗಟ್ಟಿ ಹೆಂಚಿನ ಸದ್ದೇ ಬೇರೆ, ಬಿರುಕು ಬಿಟ್ಟದ್ದರ ಸದ್ದೇ ಬೇರೆ. ಮಾವ ಆ ಅಭ್ಯಾಸದಲ್ಲಿ ರೆಕ್ಕೆಯನ್ನೂ ಈ ತುದಿಯಿಂದ ಆ ತುದಿಯವರೆಗೆ ಬೆರಳಗಂಟಿನಿಂದ ತಟ್ಟುತ್ತ ಹೋದರು. ಒಂದು ಕಡೆ ನಿಂತರು. ಮತ್ತೆ ತಟ್ಟಿದರು. ಗಾಬರಿಯಾದಾಗ ಅವರ ಬಾಯಿಗೆ ತೆಲುಗು ಬರುತ್ತಿತ್ತು.

"ವದ್ದು ಸ್ವಾಮಿ, ವದ್ದು... ಹಾರಿಸ್ಬೇಡಿ. ಇಲ್ಲಿ ಅಂಟು ಕಚ್ಚಿಲ್ಲ."

ದೊಡ್ಡ ಇಂಜಿನಿಯರು ಕೆಂಡವಾದರು. ಮೇಲೆ ಒಂದು ಗೀರು ಕೂಡ ಕಾಣುತ್ತಿರಲಿಲ್ಲ. ರೆಕ್ಕೆ ಬಿಚ್ಚಿದರೆ ಮರವೂ ಹೋಯಿತು, ಇನ್ನೂ ಮೂರು ತಿಂಗಳೂ ಹೋಯಿತು. ಬಿಚ್ಚಿ ನೋಡಿ ಅಂಟು ಸರಿಯಾಗಿದ್ದರೆ, ಯುದ್ಧದ ಕೆಲಸಕ್ಕೆ ಅಡ್ಡಿ ಮಾಡಿದನೆಂದು ಮಾವನನ್ನು ಪೊಲೀಸಿಗೆ ಹಿಡಿದುಕೊಡುವುದಾಗಿ ಎಲ್ಲರೆದುರಿಗೆ ಹೇಳಿದರು. ಯೋಚಿಸಲು ಮಾರನೆಯ ಬೆಳಗಿನವರೆಗೆ ಸಮಯ ಕೊಟ್ಟರು.

ಸಂಜೆ ರೈಲಿನಲ್ಲಿ ನಾನು ಹೆದರಿ, "ತಪ್ಪಾಯ್ತು ಅಂದ್ಬಿಡಿ ಮಾವ. ದೊಡ್ಡೋರ ಉಸಾಬರಿ ನಮಗ್ಯಾಕೆ?" ಎಂದೆ.

"ಹೆಂಚು ಒಡೆದ್ರೆ ಮನೆ ಸೋರ್ತೈತೆ ಕಣ್ಲಾ. ಇದು ಮೇಲೆ ಹೋಗಿ ಒಡೆದ್ರೆ ಆ ಪೈಲಟ್ಟಪ್ಪಂಗೆ ಇಳಿಯಾಕೆ ಏಣಿ ಹಾಕ್ತೀಯಾ?"

ನನಗೆ ನಾಚಿಕೆಯಾಯಿತು, ಸಿಟ್ಟೂ ಬಂತು. ಇವರ ಹಟದಿಂದ ಜೊತೆಗಾರನಾದ ನನ್ನ ಕೆಲಸಕ್ಕೂ ಕುತ್ತು ಬಂದೀತೆಂದು ಒಳಗೊಳಗೇ ಶಪಿಸಿದೆ. ಇದನ್ನು ಅವರಿಗೆ ಎಂದೂ ಹೇಳಲಿಲ್ಲ.

ಮರುದಿನವೂ ಮಾವ ಅದೇ ಮಾತು ಹೇಳಿದರು. ಅವರು ತೋರಿಸಿದ ಕಡೆ ರೆಕ್ಕೆಯನ್ನು ಕೊಯ್ದರು. ಅಂಟು ಕಲ್ಲಿನ ಹಾಗೆ ಕಚ್ಚಿಕೊಂಡಿತ್ತು. ಇಂಜಿನಿಯರು ಬಾಗಿಲ ಕಡೆ ನೋಡಿದರು, ಅಲ್ಲಿ ಆಗಲೇ ಕಾವಲಿನವನು ನಿಂತಿದ್ದ. ಮಾವ ಬೆವರುತ್ತಿದ್ದ ಅಂಗೈಯನ್ನು ಪಂಚೆಗೆ ಒರೆಸಿಕೊಂಡು, "ಇನ್ನೊಂದು ಗೇಣು, ಸ್ವಾಮಿ" ಎಂದರು. ಅಪ್ಪಣೆಗೂ ಕಾಯದೆ ತಾವೇ ಉಳಿ ಹಿಡಿದರು. ಒಂದು ಗೇಣು ಆಚೆಗೆ, ತೆಳು ಹಲಗೆ ಸದ್ದಿಲ್ಲದೆ ಎದ್ದು ಅವರ ಕೈಗೇ ಬಂದುಬಿಟ್ಟಿತು. ಕೆಳಗೆ ಬರೀ ಬಿಳಿ ಪುಡಿ.

ಅಬ್ಬ! ಹೋದ ಜೀವ ಬಂದಂತಾಯಿತು. ಆಮೇಲೆ ವಿಚಾರಿಸಿದಾಗ ತಿಳಿಯಿತು, ಬೆಳಿಗ್ಗೆ ಕಲಸಿದ ಅಂಟು ಮಧ್ಯಾಹ್ನಕ್ಕೆ ಗಟ್ಟಿಯಾಗಿದೆ, ಹೊಸದು ಕಲಸಲು ಪುರಸೊತ್ತಿಲ್ಲದೆ ಯಾರೋ ಮಜ್ಜಿಗೆಗೆ ಬೆರೆಸಿದ ಹಾಗೆ ನೀರು ಬೆರೆಸಿದ್ದಾರೆ. ತಡ ತಪ್ಪಿಸಲು ಹೋಗಿ ಆದ ಕೆಲಸ. ಪೈಲಟ್ ಬಂದು ಆ ಜಾಗವನ್ನು ಮುಟ್ಟಿ ನೋಡಿದರು. ನಗು ಮಾಯವಾಗಿತ್ತು. ಮಾವನ ಎರಡೂ ಕೈ ಹಿಡಿದುಕೊಂಡರು. ಮಾವ ನನ್ನ ಕಡೆ ತಿರುಗಿ, "ಒಂದು ಲೋಟ ನೀರು ತಾರ್ಲಾ, ಬಾಯೆಲ್ಲಾ ಒಣಗೋಗೈತೆ" ಎಂದರು.

ಹೊಸ ರೆಕ್ಕೆ ಮುಗಿಯುವಷ್ಟರಲ್ಲಿ ಯುದ್ಧವೇ ಮುಗಿಯಿತು. ವಿಮಾನ ಬೇಡವೆಂದು ಅಪ್ಪಣೆ ಬಂತು, ಶೆಡ್ಡಿಗೆ ಬೀಗ ಬಿತ್ತು. ಕಡೆಯ ದಿನ ರೈಲಿನಲ್ಲಿ, "ಇಷ್ಟು ದುಡ್ಡು ಸುರಿದು, ಇಷ್ಟು ವರ್ಷ ಕಾದು, ಒಂದು ಗೇಣೂ ಹಾರಲಿಲ್ಲವಲ್ಲ ಮಾವ" ಎಂದು ನಕ್ಕೆ.

"ಹಾರದಿದ್ರೆ ಬಿಡ್ಲಾ. ಯಾರ ಮನೆಗೂ ತಂತಿ ಬರ್ಲಿಲ್ಲವಲ್ಲ, ಸಾಕು."

ಆ ದಿನಗಳಲ್ಲಿ ತಂತಿ ಬಂತೆಂದರೆ ಸಾವಿನ ಸುದ್ದಿಯೇ. ಮುಂದೆ ಬಹಳ ವರ್ಷಗಳ ಮೇಲೆ, ನಾನು ಬೇರೆ ಊರಿನಲ್ಲಿ ನೌಕರಿಯಲ್ಲಿದ್ದಾಗ, ಮಾವ ಹೋದರೆಂದು ನನಗೂ ಒಂದು ತಂತಿ ಬಂತು... ಬಿಚ್ಚಲು ಕೈ ಬಾರದೆ ಹಾಗೇ ಹಿಡಿದು ಕೂತಿದ್ದೆ.

ಆ ಪೈಲಟ್ ಈಗ ಎಲ್ಲಿದ್ದಾರೋ ತಿಳಿಯದು. ನನ್ನ ಹಾಗೆಯೇ ತಲೆ ಬೆಳ್ಳಗಾಗಿ, ಮೊಮ್ಮಕ್ಕಳ ಗಲಾಟೆಗೆ ಗದರುತ್ತ ಎಲ್ಲೋ ಕೂತಿರಬೇಕು. ಹಾಗೆಂದುಕೊಂಡರೆ ಇವತ್ತಿಗೂ ಎದೆ ಹಗುರಾಗುತ್ತದೆ. ಮಾವನಿಗೆ ಹೇಳೋಣವೆಂದರೆ ಮಾವನೇ ಇಲ್ಲ.