ಯಾಂಗ್ಜೋಮ್ ಅಬಿಯ ತಾಮ್ರದ ಬಟ್ಟಲು

ಯಾಂಗ್ಜೋಮ್ ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಲಾಮಾ ಇಟ್ಟ ಮುಹೂರ್ತವನ್ನು ಎರಡು ಸಲ ಕೇಳುವಳು; ಅಂಗಡಿಯ ಬೆಲ್ಲವನ್ನು ನೆಕ್ಕಿ ನೋಡದೆ ಮನೆಯೊಳಗೆ ಬಿಡಳು. ಎಪ್ಪತ್ತೆರಡರ ಆಕೆ ಹಿಮಾಲಯದ ಲಾಹೌಲ್ ಕಣಿವೆಯ ಆ ಊರಿಗೆಲ್ಲ ಅಬಿ, ಅಂದರೆ ಅಜ್ಜಿ. ಆಕೆ ನಂಬುತ್ತಿದ್ದುದು ಒಂದು ತಾಮ್ರದ ಬಟ್ಟಲನ್ನು ಮಾತ್ರ.

ಚಳಿಗಾಲದಲ್ಲಿ ಊರು ಬಿಟ್ಟು ಹೋಗಬೇಕಾದರೆ ಕೆಳಗಿನ ಹಳ್ಳ ದಾಟಬೇಕು. ಹಳ್ಳದ ನೆತ್ತಿಗೆ ಇಡೀ ಗುಡ್ಡದ ಹಿಮ ತೂಗಿಕೊಂಡಿರುತ್ತದೆ; ಸಡಿಲಾದರೆ ಒಮ್ಮೆಗೇ ಕುಸಿದು ಬೀಳುತ್ತದೆ. ಅಬಿ ಸಂಜೆ ಬಟ್ಟಲಿಗೆ ನೀರು ತುಂಬಿ ಮಾಳಿಗೆಯ ಹಿಮದಲ್ಲಿ ಹುಗಿದಿಡುವಳು. ಬೆಳಗಿನ ಜಾವ ಗೆಣ್ಣಿನಿಂದ ಬಡಿದಾಗ ಟಣ್ ಎಂದರೆ ಗುಡ್ಡವೂ ಬಿಗಿದುಕೊಂಡಿದೆ ಎಂದರ್ಥ. ಬಿಸಿಲು ಶಿಖರ ಮುಟ್ಟುವ ಮೊದಲು ದಾಟಬಹುದು. ಟಣ್ ಎನ್ನದಿದ್ದರೆ ಊರು ಬಿಟ್ಟು ಯಾರೂ ಕದಲುವಂತಿಲ್ಲ. ಅತ್ತೆಯಿಂದ ಬಂದ ಕೆಲಸ ಇದು. ಅತ್ತೆಯ ಕಾಲಕ್ಕೆ ಜನವರಿಯಲ್ಲಿ ಬಟ್ಟಲು ನೋಡುವುದೇ ದಂಡ, ದಿನಾ ಕಲ್ಲು. ಈಗ ಜನವರಿಯಲ್ಲೂ ಮೋಡ ಕಂಬಳಿಯಂತೆ ಕವಿಯುತ್ತದೆ, ಸೂರು ರಾತ್ರಿಯೆಲ್ಲ ತೊಟ್ಟಿಕ್ಕುತ್ತದೆ.

ಪಲ್ಜೋರನ ಮಗನ ಮದುವೆಯ ದಿಬ್ಬಣ ಹೊರಡುವ ಬೆಳಗ್ಗೆಯೂ ಮೋಡವಿತ್ತು. ಹೆಣ್ಣಿನ ಮನೆ ಹಳ್ಳದ ಆಚೆ. ಹನ್ನೊಂದು ಜನ ಡೋಲಿನವನ ಸಮೇತ ಅಬಿಯ ಮಾಳಿಗೆಗೆ ಬಂದು ನಿಂತಿದ್ದರು. ಅಬಿ ಬಡಿದಳು. ಟಣ್ ಎಂದಿತು.

"ಬಟ್ಟಲು ಹೂಂ ಅಂತು, ನಡೀರಿ!" ಎಂದ ಪಲ್ಜೋರ್.

ಅಷ್ಟರಲ್ಲಿ ಪಕ್ಕದ ಎತ್ತರದ ಮನೆಯ ಸೂರಿನಿಂದ ಒಂದು ಹನಿ ಅಬಿಯ ಕತ್ತಿನ ಮೇಲೆ ಬಿತ್ತು.

"ನಿಲ್ಲಿ. ಸೂರು ಅಳ್ತಾ ಇದೆ, ಬಟ್ಟಲು ಮಾತ್ರ ಗಡ್ಡೆ ಕಟ್ಟಿದೆ. ಎರಡರಲ್ಲಿ ಒಂದು ಸುಳ್ಳು ಹೇಳ್ತಿದೆ."

"ನಿನಗೆ ನಿನ್ನ ನೆರಳಿನ ಮೇಲೂ ಅನುಮಾನ ಅಬಿ! ನಿನ್ನ ತಮ್ಮನ ಮಗಳನ್ನ ನಾನು ಸೊಸೆ ಮಾಡ್ಕೊಳ್ಳಲಿಲ್ಲ ಅಂತ ಹೊಟ್ಟೆಕಿಚ್ಚು, ಬಾಯಿಬಿಟ್ಟು ಹೇಳು."

"ಹೊಟ್ಟೆಕಿಚ್ಚು ಇದೆ ಕಣಪ್ಪಾ. ಅದಕ್ಕೆ ಸೂರು ಯಾಕೆ ಅಳುತ್ತೆ?"

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಬಿ ಮನೆಯ ಹಿಂದಿನ ದಿಬ್ಬಕ್ಕೆ ಹೋಗಿ ಕೋಲು ಇಳಿಸಿದಳು. ಮೇಲಿನ ಒಂದು ಮೊಳ ಒದ್ದೆ ಹಿಟ್ಟಿನಂತೆ ತಡೆಯಿತು. ಆಮೇಲೆ ಕೋಲು ಸಕ್ಕರೆ ಮೂಟೆಗೆ ಹೋದಂತೆ ಸರ್ರೆಂದು ಇಳಿಯಿತು. ಕೆಳಗೆ ಹಿಡಿತವಿಲ್ಲ, ಮೇಲೆ ಭಾರ. ಆಕೆ ತಿರುಗಿ ಬಂದು ಬಟ್ಟಲಿನ ಸುತ್ತಲಿನ ಹಿಮವನ್ನು ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟಳು.

ಉಪ್ಪು.

"ಪಲ್ಜೋರ್, ಬೇಸಿಗೇಲಿ ಕುಲ್ಲೂಗೆ ಹೋಗಿ ಏನು ಮಾರ್ತೀಯ ನೀನು?"

"ಕುಲ್ಫಿ," ಎಂದ ಡೋಲಿನವನು.

"ಕುಲ್ಫಿ ಗಟ್ಟಿಯಾಗೋಕೆ ಐಸಿಗೆ ಏನು ಬೆರೆಸ್ತಾರೆ?"

ಮದುವೆ ಗಂಡು ಅಪ್ಪನ ಮುಖ ನೋಡಿ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ರಾತ್ರಿ ನನ್ನ ಬಟ್ಟಲಿನ ಸುತ್ತ ಉಪ್ಪು ಸುರಿದು ಹನ್ನೊಂದು ಜನರನ್ನ ಕುಲ್ಫಿ ಮಾಡೋಕೆ ಹೊರಟಿದ್ದೆಯಾ?"

"ಇವತ್ತು ತಪ್ಪಿದ್ರೆ ಹುಡುಗಿ ಬೇರೆಯವರ ಪಾಲು ಅಬಿ. ಅವಳ ಸೋದರಮಾವ ಬೇರೆ ಗಂಡು ನೋಡಿಟ್ಟಿದ್ದಾನೆ. ಬಿಸಿಲು ಬೀಳೋ ಮೊದಲು ಆ ಹಳ್ಳ ಯಾರನ್ನ ಮುಟ್ಟಿದೆ, ನೀನೇ ಹೇಳು?"

"ಆಗ ರಾತ್ರಿ ಅಂದ್ರೆ ಚಳಿಯ ರಾತ್ರಿಯಾಗಿತ್ತು. ಈ ಮೋಡದ ಕೆಳಗೆ ಗುಡ್ಡ ರಾತ್ರಿಯೆಲ್ಲ ಬೆವರಿದೆ."

ದಿಬ್ಬಣ ಹೊರಡಲಿಲ್ಲ. ಜನ ಹಗಲಿಡೀ ಮಾಳಿಗೆಗಳ ಮೇಲೆ ಕೂತು ಗುಡ್ಡ ನೋಡಿದರು. ಕಂಡಷ್ಟು ದೂರ ಒಂದು ಹಿಡಿ ಹಿಮವೂ ಜಾರಲಿಲ್ಲ. ಸಂಜೆಗೆ ಪಲ್ಜೋರನ ಹೆಂಡತಿ, "ಮುದುಕಿ ಮದುವೆ ಮುರಿದಳು," ಎಂದು ಎಲ್ಲರಿಗೂ ಕೇಳುವಂತೆ ಅಂದಳು. ಅಬಿಗೆ ತನ್ನ ಮೇಲೇ ಅನುಮಾನ ಬಂತು: ತಡೆದದ್ದು ಸೂರಿನ ಹನಿಯೋ, ತಮ್ಮನ ಮಗಳ ಸಂಕಟವೋ?

ರಾತ್ರಿ ಮೋಡ ಹರಿಯಿತು. ಅಬಿ ಉಣ್ಣೆಯ ಚುಬಾ ನಿಲುವಂಗಿ ಹೊದ್ದು ಬಟ್ಟಲಿನ ಪಕ್ಕದಲ್ಲೇ ಮಲಗಿದಳು. ಬೆಳಗ್ಗೆ ಮೊದಲು ಸುತ್ತಲಿನ ಹಿಮ ನೆಕ್ಕಿದಳು, ಆಮೇಲೆ ಬಡಿದಳು. ಟಣ್.

ಮುಂದೆ ಆಕೆಯೇ ನಡೆದಳು. ಹಿಂದೆ ಒಬ್ಬರಾದ ಮೇಲೆ ಒಬ್ಬರು, ನಡುವೆ ಐವತ್ತು ಹೆಜ್ಜೆ, ಡೋಲಿಗೆ ಕಂಬಳಿ ಸುತ್ತಿ. ಊರಿಗೆ ಕಾಣದ, ಸದ್ದೂ ತಲುಪದ ತಿರುವಿನಲ್ಲಿ ದಾರಿಯೇ ಇರಲಿಲ್ಲ. ಅಲ್ಲಿ ಮನೆಯೆತ್ತರದ ಹಿಮದ ರಾಶಿ ಬಿದ್ದಿತ್ತು, ರಾತ್ರಿಯ ಚಳಿಗೆ ಕಲ್ಲಾಗಿತ್ತು. ನಡುವೆ ಮುರಿದ ಮರದ ಕೊಂಬೆಗಳು ಚಾಚಿಕೊಂಡಿದ್ದವು. ಪಲ್ಜೋರ್ ಮಗನ ಭುಜ ಹಿಡಿದು ಅದನ್ನು ಹತ್ತಿ ಇಳಿದ.

ಹೆಣ್ಣಿನ ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಇವರನ್ನು ಕಂಡ ಹುಡುಗಿಯ ಸೋದರಮಾವ ಮೊದಲು ತಲೆಗಳನ್ನು ಎಣಿಸಿದ. ಒಂದು ಸಲ ಎಣಿಸಿದ್ದು ಸಾಲದೆ ಮತ್ತೆ ಎಣಿಸಿದ.

"ನಿನ್ನೆ ಬಿಸಿಲು ಬೀಳೋ ಮೊದಲೇ ಹಿಮ ಕುಸಿದ ಸದ್ದು ಈ ಕಡೆಗೆ ಕೇಳ್ತು," ಎಂದ. "ನೀವೆಲ್ಲ ಅದರ ಕೆಳಗೆ ಅಂದ್ಕೊಂಡು ಕೂತಿದ್ವಿ." ಬೇರೆ ಗಂಡಿನ ಮಾತನ್ನು ಅವನು ಎತ್ತಲೇ ಇಲ್ಲ. ಒಳಗೆ ಹೋಗಿ ತಾನೇ ಒಲೆಗೆ ಬೆಂಕಿ ಹಾಕಿದ.

ಪಲ್ಜೋರ್ ತಪ್ಪಾಯಿತೆಂದು ಇಂದಿಗೂ ಅಂದಿಲ್ಲ. ಪ್ರತಿವರ್ಷ ಹಿಮ ಬೀಳುವ ಮೊದಲು ಕುಲ್ಲೂವಿನಿಂದ ಅಬಿಗೆ ಒಂದು ಚೀಲ ಕಲ್ಲುಪ್ಪು ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಾನೆ. ಅಬಿ ಅದನ್ನೂ ನೆಕ್ಕಿ ನೋಡಿಯೇ ಒಳಗೆ ತೆಗೆದುಕೊಳ್ಳುವುದು.